ಬಟ್ಟಲಲ್ಲಿ ನೀರಾಗುತ್ತಿದ್ದ ರಾಗಿ ಸರಿ

ಹೋದ ಭಾನುವಾರ ಹುಣಸೂರಿನಲ್ಲಿ ಹಿಟ್ಟಿನ ಮಿಲ್ಲಿನ ಮುಂದೆ ಗೋಧಿ ಡಬ್ಬ ಹಿಡಿದುಕೊಂಡು ನಿಂತಿದ್ದೆ. ಹಾಯಾಗಿ ಪೇಪರ್ ಓದುತ್ತಾ ಕುಳಿತಿದ್ದವನನ್ನು ಹೆಂಡತಿ ಎಬ್ಬಿಸಿ ಕಳಿಸಿದ್ದಳು, ಹಾಗಾಗಿ ಮುಖ ಗಂಟು ಹಾಕಿಕೊಂಡೇ ನಿಂತಿದ್ದೆ ಅನ್ನಿ. ನನ್ನ ಮುಂದಿದ್ದ ಅಜ್ಜಿ ಚೀಲ ಬಿಚ್ಚಿ ಸುರಿದದ್ದು ಮೊಳಕೆ ಕಟ್ಟಿ ಒಣಗಿಸಿದ ರಾಗಿ. ಕಲ್ಲು ತಿರುಗಿದ್ದೇ ತಡ, ಹಸಿಹಸಿಯಾದ, ಸ್ವಲ್ಪ ಹುಲ್ಲಿನಂಥ, ಸ್ವಲ್ಪ ಸಿಹಿಯಾದ ಆ ವಾಸನೆ ಮೂಗಿಗೆ ಬಡಿಯಿತು. ಗಂಟು ತಾನಾಗಿಯೇ ಬಿಚ್ಚಿಕೊಂಡಿತು. ಒಬ್ಬರೇ ಯಾಕೆ ನಗುತ್ತಿದ್ದೀರಿ ಸಾರ್ ಎಂದು ಮಿಲ್ಲಿನವನು ಕೇಳಿದ. ಅವನಿಗೆ ಏನಂತ ಹೇಳುವುದು? ನನ್ನ ಕಣ್ಣ ಮುಂದೆ ಬಂದು ನಿಂತಿದ್ದು ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಆಷಾಢ, ಒಂದು ಕೂಸು, ಒಂದು ಸ್ಟೀಲ್ ಬಟ್ಟಲು ಮತ್ತು ಬೆಪ್ಪನಾಗಿ ನಿಂತ ನಾನು.

ಐದಾರು ವರ್ಷದ ಹಿಂದಿನ ಮಾತು. ಅಂತರಸಂತೆಯ ಆಚೆಗೆ ಒಂದು ಸರ್ಕಾರಿ ಪಿಯು ಕಾಲೇಜಿಗೆ ನನ್ನನ್ನು ಜೀವಶಾಸ್ತ್ರದ ಉಪನ್ಯಾಸಕನಾಗಿ ಹಾಕಿದ್ದರು. ಕಾಲೇಜಿನಿಂದ ಎರಡು ಮೈಲಿ ದೂರದ ಒಂದು ಹಳ್ಳಿಯಲ್ಲಿ ಚಿಕ್ಕತಾಯಮ್ಮ ಎನ್ನುವವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಊಟವೂ ಅಲ್ಲೇ. ಮನೆಯಲ್ಲಿ ಇದ್ದವರು ಚಿಕ್ಕತಾಯಮ್ಮ, ಸೊಸೆ ಸುಮ, ಸುಮಳ ಹನ್ನೊಂದು ತಿಂಗಳ ಮಗಳು ಧನ್ಯಾ. ಮಗ ಶುಂಠಿ ಲಾರಿಯ ಡ್ರೈವರ್, ಹತ್ತು ದಿನಕ್ಕೊಮ್ಮೆ ಮನೆಗೆ ಬಂದು, ಇಡೀ ದಿನ ಮಲಗಿ, ಎದ್ದು ಹೋಗುತ್ತಿದ್ದ. ಸುಮ ಬೆಳಿಗ್ಗೆ ಎಂಟೂವರೆಗೆ ಬರುವ ಜೀಪು ಹತ್ತಿ ಶುಂಠಿ ಹೊಲದ ಕಳೆ ಕೀಳಲು ಹೋಗುತ್ತಿದ್ದಳು. ಚಿಕ್ಕತಾಯಮ್ಮನಿಗೆ ಅರವತ್ತೆಂಟು ವರ್ಷ, ಬಾಯಲ್ಲಿ ನಾಲ್ಕೇ ಹಲ್ಲು, ಆದರೆ ಮಾತಿಗೆ ಮೂವತ್ತೆರಡರ ಬಿಗಿ. ಅವರ ಕೈಯ ಮುದ್ದೆ, ಬಸ್ಸಾರು ತಿಂದು ನಾನು ಎರಡೇ ತಿಂಗಳಲ್ಲಿ ಪ್ಯಾಂಟು ಸಡಿಲ ಮಾಡಿಸಿಕೊಂಡೆ.

ನನ್ನದೊಂದು ಕೆಟ್ಟ ಚಾಳಿ ಇಲ್ಲೇ ಹೇಳಿಬಿಡುತ್ತೇನೆ. ಗೊತ್ತಿರುವುದನ್ನು ಹೇಳದೆ ಇದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಗೊತ್ತಿಲ್ಲದ್ದನ್ನು ಹೇಳುವಾಗಲೂ ದನಿ ಅಷ್ಟೇ ಜೋರು. ಮೇಷ್ಟರಿಗೆ ಇದು ಕೆಲಸದಿಂದ ಬರುವ ಕಾಯಿಲೆ ಎಂದು ಸಮಾಧಾನ ಮಾಡಿಕೊಂಡಿದ್ದೇನೆ, ಹೆಂಡತಿ ಒಪ್ಪುವುದಿಲ್ಲ.

ಆ ಆಷಾಢದಲ್ಲಿ ಮಳೆ ಜೋರಾಗಿ ಸುರಿಯಲಿಲ್ಲ, ಬಿಡಲೂ ಇಲ್ಲ. ಕಾಕನಕೋಟೆ ಕಾಡಿನ ಕಡೆಯಿಂದ ಮೋಡ ಬರುವುದು, ಬೆಳಗಿಂದ ಸಂಜೆವರೆಗೆ ಜಿನುಗುವುದು. ತಂತಿಯ ಮೇಲೆ ಹಾಕಿದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಮುಗ್ಗಲು ನಾತ ಹೊಡೆಯುತ್ತಿತ್ತು. ಮನೆಯೊಳಗೂ ಒಂದು ಮೋಡ ಕವಿದಿತ್ತು. ಧನ್ಯಾಳ ತೂಕ ಎರಡು ತಿಂಗಳಿಂದ ಏರಿರಲಿಲ್ಲ. ಅಂಗನವಾಡಿ ಟೀಚರ್ ರತ್ನಮ್ಮ ಕಾರ್ಡಿನ ಗೆರೆ ತೋರಿಸಿ, ಮೂರನೆಯ ತಿಂಗಳೂ ಇದು ಹೀಗೇ ಮಲಗಿದ್ದರೆ ತಾಯಿ ಮಗು ಇಬ್ಬರನ್ನೂ ಹದಿನೈದು ದಿನ ಕೋಟೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದಿದ್ದರು. ನರ್ಸಮ್ಮ ಬಂದು ನೋಡಿ, ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ಸಾಲುತ್ತಿಲ್ಲ ಅಷ್ಟೇ, ಎಂದು ಹೇಳಿ ಹೋದರು. ಆ 'ಸಾಲುತ್ತಿಲ್ಲ' ಎಂಬ ಒಂದು ಮಾತು ಸುಮಳ ಎದೆಗೆ ನಾಟಿತು. ಆಸ್ಪತ್ರೆಗೆ ಅವಳು ಹೆದರಿರಲಿಲ್ಲ. ತಾಯಾದವಳು ಕೂಸನ್ನು ಉಪವಾಸ ಕೆಡವಿದಳು ಎಂದು ಊರು ಆಡಿಕೊಳ್ಳುತ್ತದೆ ಎನ್ನುವುದೇ ಅವಳ ಸಂಕಟ.

ಆಡಿಕೊಳ್ಳಲು ಊರಿನವರೇ ಬೇಕಾಗಿರಲಿಲ್ಲ, ಅತ್ತೆಯೇ ಶುರುಮಾಡಿದ್ದರು. ಬೆಳಿಗ್ಗೆ ಚಿಕ್ಕತಾಯಮ್ಮ ರಾಗಿ ಸರಿ ಕಾಯಿಸಿ, ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಬಟ್ಟಲಿಗೆ ಹಾಕಿ ಸುಮಳ ಕೈಗೆ ಕೊಡುತ್ತಿದ್ದರು. ಸುಮ ಜಗಲಿಯ ಮೇಲೆ ಕೂತು ತಿನ್ನಿಸುವಳು. ಕೂಸು ನಾಲ್ಕು ಚಮಚ ನುಂಗಿ, ಐದನೆಯದನ್ನು ಉಗುಳಿ, ಆರನೆಯದಕ್ಕೆ ಬಾಯಿ ಬಿಗಿದುಕೊಳ್ಳುವುದು. ಮುದ್ದಿಸಿ, ಕಾಗೆ ತೋರಿಸಿ, ಮುಕ್ಕಾಲು ಗಂಟೆ ಹೆಣಗಿದ ಮೇಲೆ ಜೀಪಿನ ಹಾರನ್ ಕೇಳಿಸುವುದು, ಸುಮ ಅರ್ಧ ಉಳಿದ ಬಟ್ಟಲನ್ನು ಅತ್ತೆಯ ಕೈಗಿತ್ತು ಓಡುವಳು. ಆ ಉಳಿದ ಅರ್ಧ ಬಟ್ಟಲು ನೋಡಿದರೆ ತಿಳಿ ಮಜ್ಜಿಗೆಯ ಹಾಗೆ ನೀರುನೀರು. ಜೀಪು ತಪ್ಪುತ್ತದೆ ಎಂದು ಸೊಸೆ ಕದ್ದು ನೀರು ಬೆರೆಸಿ ಬೇಗಬೇಗ ಕುಡಿಸುತ್ತಾಳೆ, ಕೂಸಿನ ಹೊಟ್ಟೆಗೆ ಬರೀ ನೀರು ಹೋಗುತ್ತಿದೆ, ತೂಕ ಎಲ್ಲಿಂದ ಬರಬೇಕು ಎನ್ನುವುದು ಚಿಕ್ಕತಾಯಮ್ಮನ ಲೆಕ್ಕ. ಬೋರ್‌ವೆಲ್ ಹತ್ತಿರ ನಾಲ್ಕು ಜನರಿಗೆ ಹೇಳಿಯೂ ಆಗಿತ್ತು.

ಒಂದು ದಿನ ಆ ಬಟ್ಟಲನ್ನು ತಂದು ನನ್ನ ಮುಂದೆಯೇ ಹಿಡಿದರು. ಸುಮ ಇನ್ನೂ ಹೊಸ್ತಿಲಲ್ಲೇ ಇದ್ದಳು.

"ಮೇಷ್ಟ್ರೇ, ನೀವು ಓದ್ದೋರು, ನೀವೇ ನೋಡಿ ಏಳಿ. ನಾನ್ ಕೊಟ್ಟಾಗ ಗಟ್ಟಿಗಿತ್ತು. ಈಗ ಎಂಗೈತೆ?"

ನಾನು ಬಟ್ಟಲನ್ನು ಓರೆ ಮಾಡಿದೆ. ಸಳಸಳ ಹರಿಯಿತು. ಯೋಚನೆ ಮಾಡಲು ಒಂದು ನಿಮಿಷವೂ ತೆಗೆದುಕೊಳ್ಳದೆ, ನೀರು ಬೆರೆಸಿದ ಹಾಗೇ ಇದೆಯಲ್ಲ ಎಂದುಬಿಟ್ಟೆ. ಸುಮ ನನ್ನನ್ನೊಮ್ಮೆ ನೋಡಿದಳು. ಮಗಳ ಮೇಲೆ ಆಣೆ, ಒಂದು ತೊಟ್ಟೂ ಹಾಕಿಲ್ಲ ಎಂದು ಅತ್ತೆಗೆ ಹೇಳಿ, ಊಟದ ಡಬ್ಬಿಯನ್ನೂ ಮರೆತು ಜೀಪು ಹತ್ತಿದಳು. ಚಿಕ್ಕತಾಯಮ್ಮನಿಗೆ ದೊಡ್ಡ ಸಾಕ್ಷಿ ಸಿಕ್ಕಿತು. ಅವತ್ತಿನಿಂದ 'ಮೇಷ್ಟ್ರೇ ಏಳವ್ರೆ' ಎಂಬ ಮಾತು ಸೇರಿಕೊಂಡು ಸುದ್ದಿಗೆ ಇನ್ನಷ್ಟು ಬಲ ಬಂತು.

ತಮಾಷೆ ಎಂದರೆ, ಅದೇ ವಾರ ನಾನು ಕ್ಲಾಸಿನಲ್ಲಿ ಪ್ರೋಟೀನು, ಕಿಣ್ವಗಳ ಪಾಠ ಮಾಡುತ್ತಿದ್ದೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಒಂದರ ಹಿಂದೆ ಒಂದು ಸೇರಿ ಉದ್ದನೆಯ ಸರಪಳಿಯಾಗುತ್ತವೆ, ಆ ಸರಪಳಿ ತನ್ನದೇ ರೀತಿಯಲ್ಲಿ ಸುತ್ತಿ ಮಡಚಿಕೊಂಡಾಗಲೇ ಪ್ರೋಟೀನಿಗೆ ಕೆಲಸ ಮಾಡುವ ಆಕಾರ ಬರುತ್ತದೆ ಎಂದು ಬೋರ್ಡಿನ ತುಂಬಾ ಬರೆದಿದ್ದೆ. ಸ್ನಾಯು ಎಳೆಯುವುದು, ರಕ್ತದಲ್ಲಿ ಆಮ್ಲಜನಕ ಹೊರುವುದು ಎಲ್ಲ ಇವುಗಳದೇ ಕೆಲಸ. ಅವುಗಳಲ್ಲಿ ಕಿಣ್ವಗಳೆಂಬ ಜಾತಿಯದು ಇನ್ನೂ ಚುರುಕು. ಕಿಣ್ವದ ಮಡಿಕೆಯಲ್ಲಿ ಒಂದು ಸಣ್ಣ ಸಂದು ಇರುತ್ತದೆ, ಅದಕ್ಕೆ ಹೊಂದುವ ವಸ್ತು ಬಂದು ಕೂತರೆ ಕತ್ತರಿಸುತ್ತದೆ ಇಲ್ಲವೇ ಜೋಡಿಸುತ್ತದೆ, ತಾನು ಮಾತ್ರ ಹಾಗೆಯೇ ಉಳಿದು ಮುಂದಿನದಕ್ಕೆ ಕೈ ಹಾಕುತ್ತದೆ. ಒಂದೊಂದು ಜೀವಕೋಶದಲ್ಲೂ ಇಂಥವು ಸಾವಿರಾರು ಬಗೆ. ನಾಲ್ಕು ವರ್ಷದಿಂದ ಇದನ್ನೇ ಒದರುತ್ತಿದ್ದೆ, ಅಲ್ಪವಿರಾಮವೂ ಬದಲಾಗಿರಲಿಲ್ಲ.

ಶುಕ್ರವಾರ ಪ್ರಾಕ್ಟಿಕಲ್ಸ್. ಗಂಜಿ ತಿಳಿಗೆ ಅಯೋಡಿನ್ ಹಾಕಿದರೆ ನೀಲಿಗಪ್ಪು ಆಗುತ್ತದೆ. ಅದೇ ತಿಳಿಗೆ ಎಂಜಲು ಸೇರಿಸಿ ಸ್ವಲ್ಪ ಹೊತ್ತು ಬಿಟ್ಟು ಅಯೋಡಿನ್ ಹಾಕಿದರೆ ನೀಲಿ ಬರುವುದಿಲ್ಲ, ಏಕೆಂದರೆ ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಅಷ್ಟರಲ್ಲಿ ತುಂಡು ಮಾಡಿರುತ್ತದೆ. ಟೆಸ್ಟ್ ಟ್ಯೂಬಿಗೆ ಉಗಿಯಬೇಕು ಎಂದರೆ ಹುಡುಗಿಯರಿಗೆ ನಾಚಿಕೆ, ಹುಡುಗರಿಗೆ ಹಬ್ಬ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗಂಜಿಯನ್ನು ಅಳತೆ ಮೀರಿ ಗಟ್ಟಿ ಮಾಡಿಕೊಂಡಿದ್ದಳು. ಬೈಯಲು ಹೋದೆ. ಅವಳು ಟ್ಯೂಬು ಎತ್ತಿ ತೋರಿಸಿ, ಸಾರ್, ಆವಾಗ ಅಲುಗ್ತಾನೇ ಇರಲಿಲ್ಲ, ಈಗ ನೀರಾಗಿದೆ ಎಂದಳು.

ಸುಮಳ ಬಟ್ಟಲು ನೆನಪಾಯಿತು. ಕೂಸಿನ ಬಾಯಿಗೆ ಹೋದ ಚಮಚ ಮತ್ತೆ ಬಟ್ಟಲಿಗೆ, ಬಟ್ಟಲಿಂದ ಮತ್ತೆ ಬಾಯಿಗೆ, ಮುಕ್ಕಾಲು ಗಂಟೆ. ಪ್ರತಿ ಸಲವೂ ಅಷ್ಟಷ್ಟು ಜೊಲ್ಲು ಒಳಗೆ. ನೀರು ಯಾರೂ ಹಾಕಿರಲಿಲ್ಲ, ಧನ್ಯಾಳ ಎಂಜಲೇ ಆ ರಾಗಿ ಸರಿಯನ್ನು ಕರಗಿಸುತ್ತಿತ್ತು. ಜೀವಶಾಸ್ತ್ರದ ಮೇಷ್ಟರಾದ ನಾನು ಅದನ್ನು ಕೈಯಲ್ಲಿ ಹಿಡಿದು, ಓರೆ ಮಾಡಿ ನೋಡಿ, ಒಬ್ಬ ತಾಯಿಯ ಮೇಲೆ ಸುಳ್ಳು ಸಾಕ್ಷಿ ಹೇಳಿದ್ದೆ. ಕೊಡೆಯನ್ನು ಲ್ಯಾಬಿನಲ್ಲೇ ಬಿಟ್ಟು ನೆನೆದುಕೊಂಡೇ ಮನೆಗೆ ಬಂದೆ.

ಸಂಜೆ ಸುಮ ಬಂದ ಮೇಲೆ ಎರಡು ಬಟ್ಟಲಿಗೆ ಗಟ್ಟಿ ರಾಗಿ ಸರಿ ಹಾಕಿಸಿದೆ. ಒಂದು ಚಮಚವನ್ನು ನನ್ನ ಬಾಯಲ್ಲಿ ಚೆನ್ನಾಗಿ ಆಡಿಸಿ ಒಂದು ಬಟ್ಟಲಿಗೆ ಹಾಕಿ ಕಲಸಿದೆ, ಮತ್ತೆ ಬಾಯಿಗೆ, ಮತ್ತೆ ಬಟ್ಟಲಿಗೆ. ಚಿಕ್ಕತಾಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೇಷ್ಟರಿಗೆ ಏನೋ ಆಗಿದೆ ಎಂದು ಸೊಸೆಯ ಕಡೆ ನೋಡಿದರು. ಅವರಿಬ್ಬರೂ ಆ ವಾರದಲ್ಲಿ ಮುಖ ಕೊಟ್ಟು ನೋಡಿಕೊಂಡದ್ದು ಅದೇ ಮೊದಲು. ಕಾಲು ಗಂಟೆ ಬಿಟ್ಟು ಎರಡೂ ಬಟ್ಟಲು ಓರೆ ಮಾಡಿದೆ. ಒಂದು ಕದಲಲಿಲ್ಲ, ಇನ್ನೊಂದು ಹರಿದು ಅಂಚಿಗೆ ಬಂತು. ಆಮೇಲೆ ಕಿಣ್ವ, ಅಮೈಲೇಸ್, ಪಿಷ್ಟ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಬಹಳ ಚೆನ್ನಾಗಿಯೇ ಮಾಡಿದೆ ಅನ್ನಿಸಿತು. ಸುಮ ಕೊನೆಯವರೆಗೂ ನನ್ನನ್ನೇ ನೋಡುತ್ತಾ ಕೂತಿದ್ದು, ಪಾಠ ಮುಗಿದ ಮೇಲೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಚಿಕ್ಕತಾಯಮ್ಮ ಅಷ್ಟು ಸುಲಭಕ್ಕೆ ಒಪ್ಪುವ ಗಿರಾಕಿಯಲ್ಲ. ಮಾರನೇ ದಿನ ಒಲೆಯ ಹಿಂದೆ ಒಂದು ಪುಟ್ಟ ಲೋಟ ಮುಚ್ಚಿಟ್ಟದ್ದು ಕಂಡಿತು. ಯಾರಿಗೂ ಹೇಳದೆ ತಾವೇ ಪರೀಕ್ಷೆ ಮಾಡಿದ್ದರು. ನಾನು ನೋಡಿದ್ದು ಗೊತ್ತಾಗಿ, "ನಂದೂ ಕರಗ್ತು ಕಣ್ ಮೇಷ್ಟ್ರೇ. ಅಲ್ಲು ಉದ್ರೋದ್ರೂ ಎಂಜ್ಲಿಗಿನ್ನೂ ಕಸುವೈತೆ," ಎಂದು ತೆಗೆದು ತೊಳೆದರು. ಸೊಸೆಗೆ ಮಾತ್ರ ಒಂದು ಮಾತೂ ಹೇಳಲಿಲ್ಲ.

ಆರೋಪ ಬಿದ್ದುಹೋಯಿತು ಎಂದರೆ ತೂಕ ಏರಿತು ಎಂದಲ್ಲವಲ್ಲ. ತೂಕ ಹಾಕುವ ದಿನಕ್ಕೆ ಇನ್ನು ಇಪ್ಪತ್ತೆಂಟು ದಿನ ಇತ್ತು. ಕೂಸಿನ ತೊಡಕು ಈಗ ನನಗೆ ಸ್ಪಷ್ಟವಾಗಿತ್ತು. ಗಟ್ಟಿಯಾಗಿ ಕೊಟ್ಟರೆ ನಾಲ್ಕು ಚಮಚಕ್ಕೆ ಸುಸ್ತಾಗುತ್ತದೆ. ನೀರು ಹಾಕಿ ತೆಳ್ಳಗೆ ಮಾಡಿದರೆ ಆ ಸಣ್ಣ ಹೊಟ್ಟೆ ನೀರಲ್ಲೇ ತುಂಬುತ್ತದೆ. ರಾಗಿ ಕಡಿಮೆಯಾಗದೆ ತೆಳ್ಳಗಾಗಬೇಕು. ಅದಕ್ಕೂ ಅಮೈಲೇಸೇ ಬೇಕು, ಆದರೆ ಲೋಟಗಟ್ಟಲೆ ಎಂಜಲು ಎಲ್ಲಿಂದ ತರುವುದು? ಮೊಳಕೆ ಒಡೆದ ರಾಗಿಯಲ್ಲಿ ಅದು ಬೇಕಾದಷ್ಟಿರುತ್ತದೆ. ಮೊಳಕೆ ಬರುವಾಗ ಕಾಳಿನ ಜೀವಕೋಶಗಳು ಅದನ್ನು ಹೊಸದಾಗಿ ತಯಾರಿಸಿ, ಕೂಡಿಟ್ಟ ಪಿಷ್ಟವನ್ನು ಕರಗಿಸಿ ಮೊಳಕೆಗೆ ಉಣ್ಣಿಸುತ್ತವೆ. ಗಟ್ಟಿ ರಾಗಿ ಸರಿಗೆ ಒಂದೇ ಚಮಚ ಮೊಳಕೆ ರಾಗಿ ಹಿಟ್ಟು ಬಿದ್ದರೆ ಸಾಕು. ಇದನ್ನು ಹೇಳಿದಾಗ ಸುಮ ಅವತ್ತು ಮೊದಲ ಬಾರಿಗೆ ನನ್ನ ಹತ್ತಿರ ಬಾಯಿ ಬಿಟ್ಟಳು. "ಅಂಗಾರೆ ಕಾಳು ತನ್ ಕೂಸಿಗೆ ಮಾಡ್ಕಂಡಿದ್ದನ್ನ ನಾವ್ ಈಸ್ಕತೀವಿ," ಎಂದಳು. ನಾಲ್ಕು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಇಷ್ಟು ಚೆನ್ನಾಗಿ ಉತ್ತರ ಬರೆದಿರಲಿಲ್ಲ.

ಚಿಕ್ಕತಾಯಮ್ಮ ರಾಗಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿದರು. ಆ ಥಂಡಿಗೆ ಮೊಳಕೆ ಬರಲು ಮೂರು ದಿನ ಬೇಕಾಯಿತು. ಹಿಟ್ಟು ಸಿದ್ಧವಾದ ಬೆಳಿಗ್ಗೆ ಮನೆಯೆಲ್ಲ ಘಮಘಮ. ಎಲ್ಲರೂ ಸುತ್ತ ಕೂತೆವು. ಚಮಚ ಹಿಟ್ಟು ಹಾಕಿ ಕಲಸಿದೆ. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ. ಚಮಚ ನಿಂತೇ ಇತ್ತು. ಇನ್ನೊಂದು ಚಮಚ ಹಾಕಿದೆ, ಇನ್ನೂ ಗಟ್ಟಿಯಾಯಿತು. ಧನ್ಯಾ ನಾಲ್ಕು ಚಮಚ ನುಂಗಿ ಐದನೆಯದನ್ನು ನನ್ನ ಅಂಗಿಗೇ ಉಗಿದಳು. ಚಿಕ್ಕತಾಯಮ್ಮ, ಪುಸ್ತಕದ ಬದನೆಕಾಯಿ ಅಂದರೆ ಇದೇ ಅಲ್ಲವೇ ಎನ್ನುವ ಹಾಗೆ ನೋಡಿದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಕಾಲೇಜಿಗೆ ಹೋಗಿಬಿಟ್ಟೆ.

ದಾರಿಯಲ್ಲಿ ಅಂಗಿಯ ಮೇಲಿನ ಕಲೆ ಮೂಸಿದಾಗ ಹೊಳೆಯಿತು. ಘಮಘಮ. ಹಸಿ ಹಿಟ್ಟಿಗೆ ಆ ಘಮ ಎಲ್ಲಿಂದ ಬರಬೇಕು? ಮಧ್ಯಾಹ್ನ ಬಂದು ವಿಚಾರಿಸಿದೆ. ಬಿಸಿಲು ಎಲ್ಲಿತ್ತು, ಒಣಗದಿದ್ದರೆ ಬೂಷ್ಟು ಬರುವುದಿಲ್ಲವೇ, ಅದಕ್ಕೇ ಬಾಣಲೆಗೆ ಹಾಕಿ ಕೆಂಪಗೆ ಹುರಿದೆ, ಹಸೀದು ಕೊಟ್ಟರೆ ಕೂಸಿಗೆ ಹೊಟ್ಟೆ ನೋಯುತ್ತದೆ ಎಂದರು ಚಿಕ್ಕತಾಯಮ್ಮ. ಹುರಿದದ್ದಷ್ಟೇ ಅಲ್ಲ, ಮೊಮ್ಮಗಳಿಗೆಂದು ಇನ್ನೂ ಒಂದು ಬಾರಿ ಹೆಚ್ಚಿಗೆ ಹುರಿದಿದ್ದರಂತೆ. ಆ ಊರಲ್ಲಿ ಕೂಸಿನ ಹಿಟ್ಟನ್ನು ಹುರಿಯದೆ ಬೀಸುವ ಅಜ್ಜಿ ಹುಟ್ಟಿರಲಿಲ್ಲ.

ಅವರಿಗೆ ಹೇಗೆ ಹೇಳುವುದೆಂದು ಯೋಚಿಸಿ, ಬಾಗಿಲಲ್ಲಿ ನೇತುಹಾಕಿದ್ದ ಅವರದೇ ಸೀರೆ ತೋರಿಸಿದೆ. ನೆರಿಗೆ ಹಿಡಿದು ಉಟ್ಟರೆ ಮೈಗೆ ನಿಲ್ಲುತ್ತದೆ, ನೆರಿಗೆ ಬಿಚ್ಚಿಹೋದರೆ ಬಟ್ಟೆ ಅಷ್ಟೇ ಉದ್ದ ಇದ್ದರೂ ಉಟ್ಟುಕೊಂಡು ಬೀದಿಗೆ ಹೋಗಲಾಗುವುದಿಲ್ಲ. ಕಿಣ್ವವೂ ಹಾಗೇ ಮಡಚಿಕೊಂಡಿರುವ ಪ್ರೋಟೀನು. ಬಾಣಲೆಯ ಕಾವಿಗೆ ಅದರ ಮಡಿಕೆ ಬಿಚ್ಚಿಹೋಯಿತು, ಇನ್ನು ಅದು ಯಾವ ಕೆಲಸಕ್ಕೂ ಬಾರದು. ಚಿಕ್ಕತಾಯಮ್ಮ ಸೀರೆಯ ವಿಷಯಕ್ಕೆ ಗಂಡಸು ಕೈ ಹಾಕಿದ್ದು ನೋಡಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹುರಿದ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಮೂಸಿದರು.

"ಅಂದ್ರೆ ನಾನು ಬೇಯ್ಸಿದ್ ಮೊಟ್ಟೆಗೆ ಕೋಳಿ ಕಾವ್ ಕೂರ್ಸಿದಂಗಾಯ್ತು ಅನ್ನಿ," ಎಂದರು.

ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ. ಪ್ರತಿ ವರ್ಷ ಪಾಠದಲ್ಲಿ ಅದನ್ನೇ ಹೇಳುತ್ತೇನೆ.

ಮತ್ತೆ ನೆನೆಹಾಕಿದೆವು, ಮತ್ತೆ ಮೂರು ದಿನ. ಒಣಗಿಸುವುದು ಎಲ್ಲಿ? ಮನೆಯಲ್ಲಿ ಫ್ಯಾನ್ ಇರಲಿಲ್ಲ, ಆಚೆ ಜಿನುಗು ನಿಂತಿರಲಿಲ್ಲ. ಮೊಳಕೆ ರಾಗಿಯನ್ನು ಟಿಫಿನ್ ಕ್ಯಾರಿಯರಿನಲ್ಲಿ ತುಂಬಿಕೊಂಡು ಹೋಗಿ ಲ್ಯಾಬಿನ ಮೇಜಿನ ಮೇಲೆ ನನ್ನ ಬಿಳಿ ಪಂಚೆ ಹಾಸಿ ಹರವಿದೆ. ಎರಡು ದಿನ ಫ್ಯಾನ್ ತಿರುಗಿತು. ಮಕ್ಕಳು ಪಾಳಿ ಹಾಕಿಕೊಂಡು ಕೈಯಾಡಿಸಿದರು. ಪ್ರಿನ್ಸಿಪಾಲರು ಇಣುಕಿ, ಇದೇನ್ರೀ ಹೊಸ ಪ್ರಾಕ್ಟಿಕಲ್ ಎಂದರು. ಕಿಣ್ವ ಸಾರ್ ಎಂದೆ. ಸಿಲಬಸ್ಸಿನಲ್ಲಿ ಇದೆಯೋ ಇಲ್ಲವೋ ಎಂದು ಅನುಮಾನ ಬಂದು, ಕೇಳಿದರೆ ತಮಗೇ ಕಷ್ಟವೆಂದು ಸುಮ್ಮನೆ ಹೊರಟುಹೋದರು.

ಹಸಿ ಹಿಟ್ಟು ಮಿಕ್ಸಿಯಿಂದ ಇಳಿಯಿತು. ರಾಗಿ ಸರಿ ಕಾಯಿಸಿ, ಬೆರಳು ತಡೆಯುವಷ್ಟು ಆರಿಸಿ, ಒಂದು ಚಮಚ ಹಾಕಿ ಸುಮ ಕಲಸಿದಳು. ಮೂರನೆಯ ನಿಮಿಷಕ್ಕೆ ಚಮಚ ವಾಲಿತು. ಐದಕ್ಕೆ ಬಟ್ಟಲ ಅಂಚಿಗೆ ಒರಗಿತು. ನೋಡನೋಡುತ್ತಿದ್ದಂತೆ ಆ ಗಟ್ಟಿ ರಾಗಿ ಸರಿ ಪಾಯಸದ ಹಾಗೆ ಹರಿಯತೊಡಗಿತು. ಚಿಕ್ಕತಾಯಮ್ಮನ ಕಣ್ಣು ಅಭ್ಯಾಸಬಲದಿಂದ ನೀರಿನ ಚೊಂಬನ್ನು ಹುಡುಕಿತು. ಸುಮ ಅದನ್ನು ಗಮನಿಸಿ ಎರಡೂ ಖಾಲಿ ಕೈ ಎತ್ತಿ ತೋರಿಸಿದಳು. ಮೂವರಿಗೂ ನಗು ತಡೆಯಲಾಗಲಿಲ್ಲ. ಇನ್ನೊಂದು ಕುದಿ ಬರಿಸಿ, ಆರಿಸಿ, ತುಪ್ಪ ಬಿಟ್ಟು ಕೊಟ್ಟರೆ ಧನ್ಯಾ ಒಂದು ಬಟ್ಟಲು ಪೂರ್ತಿ ಮುಗಿಸಿ, ಚಮಚದಿಂದ ನೆಲ ಬಡಿದು ಇನ್ನೂ ಕೇಳಿದಳು. ಆಗ ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮುಂದೆ ದಿನಕ್ಕೆ ಮೂರು ಬಟ್ಟಲು, ಜೊತೆಗೆ ರತ್ನಮ್ಮ ಹೇಳಿದ ಹಾಗೆ ಅರ್ಧ ಮೊಟ್ಟೆ. ಜೀಪು ಬರುವ ಹೊತ್ತಿಗೆ ಸುಮ ತಲೆ ಬಾಚಿಕೊಳ್ಳುವುದೂ ಮುಗಿದಿರುತ್ತಿತ್ತು.

ತೂಕದ ದಿನ ನಾನು ರಜೆ ಹಾಕಿದೆ. ಅಂಗನವಾಡಿಯಲ್ಲಿ ಹತ್ತು ಹನ್ನೆರಡು ಹೆಂಗಸರು, ಅಷ್ಟೇ ಕೂಸುಗಳು, ಒದ್ದೆ ಕೊಡೆಗಳ ರಾಶಿ. ತೊಲೆಗೆ ನೇತುಹಾಕಿದ ಗಡಿಯಾರದಂಥ ತಕ್ಕಡಿಯ ಕೆಳಗೆ ಧನ್ಯಾಳನ್ನು ಚಡ್ಡಿಯಂಥ ಚೀಲದಲ್ಲಿ ಕೂರಿಸಿದರು. ಮುಳ್ಳು ಹೊಯ್ದಾಡಿತು. ಸುಮ ಅದರ ಕಡೆ ನೋಡದೆ ಗೋಡೆಯ ಅಕ್ಷರಮಾಲೆ ನೋಡುತ್ತಿದ್ದಳು. ಮುಳ್ಳು ಹೋದ ತಿಂಗಳ ಗೆರೆಯನ್ನು ದಾಟಿ ನಿಂತಿತು, ಅರ್ಧ ಕೆಜಿಗೆ ಚೂರು ಕಡಿಮೆ. ಚಿಕ್ಕತಾಯಮ್ಮ ನಂಬಲಿಲ್ಲ. ಕೂಸಿನ ಕಾಲ್ಗೆಜ್ಜೆ, ಉಡಿದಾರ, ಕುಲಾವಿ ಎಲ್ಲ ಬಿಚ್ಚಿಸಿ ಮತ್ತೆ ಹಾಕಿಸಿದರು. ಮುಳ್ಳು ಅಲ್ಲೇ ಬಂತು. ಆಸ್ಪತ್ರೆ ಬೇಡ, ಹೀಗೇ ಮುಂದುವರಿಸಿ ಎಂದು ರತ್ನಮ್ಮ ಕಾರ್ಡಿನಲ್ಲಿ ಬರೆದರು.

ಚಿಕ್ಕತಾಯಮ್ಮ ಹೊರಡಲಿಲ್ಲ. ಸೆರಗು ಸರಿಮಾಡಿಕೊಂಡು ಎಲ್ಲರ ಕಡೆ ತಿರುಗಿದರು.

"ಎಲ್ರೂ ಕೇಳ್ಕಳಿ. ನನ್ ಸೊಸೆ ಮಗಿಗೆ ನೀರ್ ಬೆರ್ಸಿ ಕುಡಿಸ್ತಾವ್ಳೆ ಅಂತ ಊರ್ಗೆಲ್ಲ ಏಳ್ಕಂಡು ಬಂದೋಳು ನಾನೇಯ. ಅವ್ಳು ಒಂದ್ ತೊಟ್ಟೂ ಆಕಿರ್ನಿಲ್ಲ. ತಪ್ಪು ನಂದು."

ಸುಮ ಅಳಲಿಲ್ಲ, ನಗಲೂ ಇಲ್ಲ. ಅತ್ತೆಯ ಕೈಯಿಂದ ಕಾಲ್ಗೆಜ್ಜೆ ಈಸಿಕೊಂಡು ಕೂಸಿಗೆ ತೊಡಿಸಿದಳು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದಳು.

"ಮೇಷ್ಟ್ರೇ, ಅವತ್ತು ನೀವೂ ಏಳಿದ್ರಿ."

ಎಲ್ಲರ ಕಣ್ಣೂ ನನ್ನ ಮೇಲೆ. ಅದು ಏನಾಗಿತ್ತು ಎಂದರೆ, ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ, ಎಂದು ಶುರುಮಾಡಿದೆ. ಸುಮ ಹಾಗೇ ನೋಡುತ್ತಿದ್ದಳು. ಎರಡು ಬಟ್ಟಲಿಟ್ಟು ಪಾಠ ಮಾಡಿದ ಸಂಜೆಯೂ ಅವಳು ಹೀಗೇ ನೋಡಿದ್ದಳು, ನಾನು ಅದನ್ನು ಕಲಿಯುವ ಆಸಕ್ತಿ ಎಂದುಕೊಂಡಿದ್ದೆ. ಮಾತು ಅಲ್ಲಿಗೇ ನಿಂತಿತು. ಜೀವಮಾನದಲ್ಲಿ ಎಷ್ಟೋ ಗಂಟೆ ನಿಂತು ಪಾಠ ಹೇಳಿದ್ದೇನೆ, ಆ ಮುಂದಿನ ಎರಡು ಮಾತಿನಷ್ಟು ಕಷ್ಟ ಯಾವುದೂ ಆಗಿರಲಿಲ್ಲ.

"ತಪ್ಪಾಯ್ತು ಕಣಮ್ಮ. ತಿಳ್ಕೊಳ್ಳದೆ ಹೇಳಿಬಿಟ್ಟೆ."

ಸುಮ ತಲೆಯಾಡಿಸಿದಳು. ಆಮೇಲೆ ಕೂಸನ್ನು ಎತ್ತಿ, ಅಷ್ಟು ಹೆಂಗಸರ ಮುಂದೆ, ನನ್ನ ಕೈಗೆ ಕೊಟ್ಟಳು. "ಇಡ್ಕಳಿ. ಭಾರ ನೀವೇ ನೋಡಿ," ಎಂದಳು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಧನ್ಯಾ ನಿಜವಾಗಿಯೂ ಭಾರವಾಗಿದ್ದಳು.